ಕುರಿ ಎಷ್ಟಿವೆ ಅಂತ ಕೇಳಬಾರದು

ಜಾನುವಾರು ಗಣತಿಯವರು ನಮ್ಮ ಹಟ್ಟಿಗೆ ಬಂದಾಗ ಅವ್ವ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಂದವರು ಚಿಕ್ಕ ವಯಸ್ಸಿನ ಹುಡುಗ. ಬೈಕ್ ಆಫ್ ಮಾಡದೆಯೇ ಕೇಳಿದ, "ಅಮ್ಮಾ, ಕುರಿ ಎಷ್ಟಿದಾವೆ?"

"ಒಂದೂ ಇಲ್ಲ ಕಣಪ್ಪ. ನೋಡು, ರೊಪ್ಪ ಖಾಲಿ ಐತಲ್ಲ."

ಹುಡುಗ ಕುರಿ ಕೂಡುವ ರೊಪ್ಪದ ಕಡೆ ನೋಡಿದ. ಬರೀ ಹಿಕ್ಕೆ ಬಿದ್ದಿತ್ತು. ಸೊನ್ನೆ ಬರೆದುಕೊಂಡು ಮುಂದಿನ ಮನೆಗೆ ಹೋದ. ಅವ್ವ ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ನಮ್ಮ ಕುರಿ ಅಪ್ಪ ಮತ್ತು ಚಿಕ್ಕಪ್ಪನ ಜೊತೆ ಹರಿಹರ ತಾಲೂಕಿನ ಮಲೇಬೆನ್ನೂರು ಕಡೆ ಇದ್ದವು. ಭತ್ತ ಕೊಯ್ದ ಗದ್ದೆಯಲ್ಲಿ ಮೇಯುತ್ತಿದ್ದವು. ಚಳ್ಳಕೆರೆ ತಾಲೂಕಿನ ಹಟ್ಟಿಯಲ್ಲಿ ಅವು ಹೇಗೆ ಸಿಗಬೇಕು? ಅದೂ ಅಲ್ಲದೆ, ಇದ್ದಿದ್ದರೂ ಅವ್ವ ಹೇಳುತ್ತಿರಲಿಲ್ಲ. ಕುರಿ ಎಣಿಸಿ ಬಾಯಲ್ಲಿ ಹೇಳಿದರೆ ದೃಷ್ಟಿಯಾಗುತ್ತೆ ಅನ್ನೋದು ನಮ್ಮಲ್ಲಿ ಹಳೇ ಮಾತು.

ಅದು 2019ರ ಗಣತಿ. ಆ ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿ ಇದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ ಮುಂದೆ. ಪೇಪರ್‌ನಲ್ಲಿ ಓದಿದಾಗ ನನಗೆ ನಗು ಬಂತು. ಆ ಕೋಟಿಯಲ್ಲಿ ನಮ್ಮ ಮನೆಯದು ಒಂದೂ ಇರಲಿಲ್ಲ.

ನಾನು ಕುರಿ ಹಿಂದೆ ಹೋದವನಲ್ಲ. ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿ ಚಳ್ಳಕೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಹಾಕಿದೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಇಂಥವೇ ಕೆಲಸ. ಕುರಿಗಾಹಿಗಳ ಸಂಘ, ರಾಷ್ಟ್ರಮಟ್ಟದ ಒಕ್ಕೂಟ ಅಂತೆಲ್ಲ ಓಡಾಡುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಶುರುವಾಗಿದ್ದು ಒಂದು ಕಳ್ಳತನದಿಂದ.

ಕಾಲುವೆ ಬದಿಯ ಒಂದೂರಲ್ಲಿ ರಾತ್ರಿ ಕುರಿ ಕೂಡಿದ್ದ ಬಲೆ ಕತ್ತರಿಸಿ ಹನ್ನೊಂದು ಕುರಿ ಹೊತ್ತೊಯ್ದರು. ಅಪ್ಪ ಬೆಳಿಗ್ಗೆ ಠಾಣೆಗೆ ಹೋದ. "ನಿಮ್ಮೂರು ಯಾವುದು? ಅಲ್ಲಿ ಹೋಗಿ ಕೊಡಿ" ಅಂದರು. ಇಲ್ಲಿಯ ಠಾಣೆಗೆ ನಾನು ಹೋದೆ. "ಕಳುವಾಗಿದ್ದು ಎಲ್ಲಿ? ಅಲ್ಲೇ ಕೊಡಬೇಕು" ಅಂದರು. ಮೂರು ದಿನ ಹೀಗೇ ಆಯಿತು. ಅಷ್ಟರಲ್ಲಿ ಕುರಿ ಯಾವ ಸಂತೆಯಲ್ಲಿ ಕೈ ಬದಲಾಯಿಸಿದ್ದವೋ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದಕ್ಕೆ ಜೀರೊ ಎಫ್‌ಐಆರ್ ಅಂತಾರೆ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ದಿನಾ ನೂರು ಅರ್ಜಿ ತುಂಬುವವನಿಗೆ ಇದು ಗೊತ್ತಿರಲಿಲ್ಲ ಅಂತ ಈಗಲೂ ನಾಚಿಕೆಯಾಗುತ್ತೆ. 2024ರ ಜುಲೈನಿಂದ ಬಂದ ಹೊಸ ಕಾನೂನಿನಲ್ಲಂತೂ ಅದನ್ನು ಬರೆದೇ ಇಟ್ಟಿದ್ದಾರೆ.

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್. ಊರೂರಿಗೆ ಬೇಲಿ ಹಾಕಿದರು. ಹೊರಗಿನವರು ಬರಬಾರದು ಅಂತ ಮುಳ್ಳು ಎಳೆದರು. ಕುರಿ ಹೊಡೆದುಕೊಂಡು ಹೋದವರು ಎಲ್ಲಿದ್ದರೋ ಅಲ್ಲೇ. ಒಂದು ಹೊಲ ಎಷ್ಟು ದಿನ ಮೇಯಿಸೋದು? ಅಂಗಡಿ ಮುಚ್ಚಿದ್ದರೂ ನನ್ನ ಫೋನ್ ಮುಚ್ಚಲಿಲ್ಲ. ಇಡೀ ಹಟ್ಟಿಯವರಿಗೆ "ಓದಿದ ಹುಡುಗ" ನಾನೊಬ್ಬನೇ ಅಲ್ವಾ. ಒಬ್ಬರಿಗೆ ಪಾಸ್ ಬೇಕು, ಇನ್ನೊಬ್ಬರಿಗೆ ಅಕ್ಕಿ ಇಲ್ಲ, ಮತ್ತೊಬ್ಬರ ಕುರಿಗೆ ನೀರು ಕುಡಿಸಲು ಕೆರೆಗೆ ಬಿಡುತ್ತಿಲ್ಲ. ಸಹಾಯಕ್ಕೆ ಅಂತ ಬೆಂಗಳೂರಿನ ಒಬ್ಬ ಸ್ವಯಂಸೇವಕಿ ಫೋನಿಗೆ ಸಿಕ್ಕರು. ಅವರೇ ಹೇಳಿದ್ದು: ಗುಜರಾತ್, ಮಹಾರಾಷ್ಟ್ರ, ಹಿಮಾಚಲದಿಂದಲೂ ಇದೇ ಕರೆ ಬರ್ತಿದೆ, ಶಬ್ದ ಮಾತ್ರ ಬೇರೆ ಅಂತ. ನಮ್ಮ ಕಷ್ಟ ನಮ್ಮ ತಾಲೂಕಿನದ್ದು ಅಂತ ಅಲ್ಲಿವರೆಗೂ ತಿಳಿದಿದ್ದೆ.

ಒಂದು ತಾಲೂಕು ಕೂಗಿದರೆ ಏನಾಗುತ್ತೆ ಅನ್ನೋದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಖುದಾಪುರ, ವರವು, ಉಳ್ಳಾರ್ತಿ ಅಮೃತಮಹಲ್ ಕಾವಲುಗಳಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲುಗಳಲ್ಲಿ, ಸುಮಾರು 10 ಸಾವಿರ ಎಕರೆ ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಸೋಲಾರ್‌ಗೂ ಹೋಯಿತು. ಊರಿಗೆ ಗೊತ್ತಾಗೋ ಹೊತ್ತಿಗೆ ಕಾಂಪೌಂಡ್ ಎದ್ದಿತ್ತು. ಜನ ರಸ್ತೆಗಿಳಿದರು, ಹಸಿರು ನ್ಯಾಯಮಂಡಳಿಗೂ ಹೋದರು, 2013ರಲ್ಲಿ ಅದರ ತಂಡವೂ ಬಂದು ನೋಡಿತು. ಗೋಡೆ ಮಾತ್ರ ಅಲ್ಲೇ ಇದೆ. ಆ ಗೋಡೆ ಗುಂಟ ನಡೆದರೆ ಮೊದಲು ಕುರಿ ಹೋಗುತ್ತಿದ್ದ ದಾರಿ ಎಲ್ಲಿ ಕಡಿದುಹೋಗಿದೆ ಅಂತ ಈಗಲೂ ತೋರಿಸಬಲ್ಲೆ. ಕಾವಲು ಹೋಯಿತು ಅಂತಲೇ ಅಪ್ಪ ವರ್ಷದಲ್ಲಿ ಎರಡು ತಿಂಗಳು ಜಾಸ್ತಿ ಹೊರಗಿರೋದು.

ಸರಿ, ಸಂಘ ಮಾಡೋಣ ಅಂತ ಹೊರಟೆವು. ಮೊದಲ ಸಭೆ ಕರೆದಾಗ ಬಂದವರು ಒಂಬತ್ತು ಜನ. ಅದರಲ್ಲಿ ಕುರಿ ಇದ್ದವರು ಇಬ್ಬರು. ಉಳಿದವರು ಮಾಜಿ ಸದಸ್ಯರು, ಮುಂದೆ ಚುನಾವಣೆಗೆ ನಿಲ್ಲುವವರು. ಯಾಕೆ ಹೀಗೆ ಅಂತ ಯೋಚಿಸಿದರೆ ಉತ್ತರ ಸುಲಭ ಇತ್ತು. ಕುರಿ ಇದ್ದವನು ಸಭೆಗೆ ಬರೋದು ಹೇಗೆ? ಕುರಿ ಯಾರಿಗೆ ಬಿಡೋದು? ಅವನು ಸಿಗೋದು ಕುರಿ ಸಂತೆಯಲ್ಲಿ, ಜಂತಿನ ಔಷಧಿ ಮಾರುವ ಅಂಗಡಿಯಲ್ಲಿ, ಜಾತ್ರೆಯಲ್ಲಿ. ಅಲ್ಲಿಗೆ ನಾವೇ ಹೋದೆವು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಎಲ್ಲಿದ್ದರೂ ಮನೆಗೊಬ್ಬರು ಬಂದೇ ಬರ್ತಾರೆ. ಒಂದು ಜಾತ್ರೆಯಲ್ಲಿ ಸಿಕ್ಕಷ್ಟು ಜನ ಆರು ತಿಂಗಳ ಸಭೆಗಳಲ್ಲಿ ಸಿಗಲಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಹೆಸರು, ಹಟ್ಟಿ, ಫೋನ್, ಕುರಿ ಎಷ್ಟು. ನಾಲ್ಕನೇ ಕಾಲಂ ಮಾತ್ರ ತುಂಬಲಿಲ್ಲ. "ಬರ್ಕಳಪ್ಪ, ಒಂದು ಹಿಂಡು." "ಅವಾವೆ ಅದಾವೆ." ಒಬ್ಬ ಅಜ್ಜನಂತೂ ಸಿಟ್ಟಾಗಿ ಎದ್ದೇ ಹೋದ. ಕೊನೆಗೆ ಆ ಕಾಲಂ ಮೇಲೆ ಗೆರೆ ಎಳೆದು "ಯಾವ ತಿಂಗಳು ಎಲ್ಲಿ" ಅಂತ ಬರೆದೆ. ಆಗ ನೋಡಿ, ಮಾತು ನಿಲ್ಲಲೇ ಇಲ್ಲ. ಯಾವ ಊರಿನ ಗೌಡರು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರಕ್ಕೆ ಎಷ್ಟು ಕೊಡ್ತಾರೆ, ಯಾವ ಕೆರೆಯ ನೀರು ಕುಡಿದರೆ ಕುರಿಗೆ ಬೇನೆ, ಚನ್ನಗಿರಿ ಕಡೆ ಯಾವ ಅಡಿಕೆ ತೋಟದವರು ಬೈಯ್ತಾರೆ, ಯಾರು ಊಟ ಹಾಕ್ತಾರೆ. ಎರಡು ನೋಟ್‌ಬುಕ್ ತುಂಬಿದವು. ಅದೇ ಮುಂದೆ ನಮ್ಮ ದೊಡ್ಡ ದಾಖಲೆ ಆಯಿತು.

ಇನ್ನೊಂದು ಸಂಗತಿ ನಿಧಾನಕ್ಕೆ ಗೊತ್ತಾಯಿತು. ಯಾರ ಮಂದೆ ಇವತ್ತು ಎಲ್ಲಿದೆ ಅಂತ ನನಗಿಂತ ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಏಳರಿಂದ ಎಂಟರ ತನಕ ಅವಳ ಕೀಪ್ಯಾಡ್ ಫೋನ್ ಬಿಡುವಿಲ್ಲ. ಅಪ್ಪ ಮಾಡಿದ ಮೇಲೆ ಚಿಕ್ಕಮ್ಮ, ಆಮೇಲೆ ಪಕ್ಕದ ಹಟ್ಟಿಯ ಸೋದರತ್ತೆ. ಮರಿ ಹಾಕಿದ್ದು, ಕಾಲು ಉಳುಕಿದ್ದು, ಮಳೆ ಬಂದಿದ್ದು ಎಲ್ಲಾ ಆ ಒಂದು ಗಂಟೆಯಲ್ಲಿ. ನಾನು ಲೆಟರ್‌ಹೆಡ್, ಸೀಲು ಮಾಡಿಸಿ ಆಫೀಸು ಅಂತ ಕೂತಿದ್ದೆ. ನಿಜವಾದ ಆಫೀಸು ಒಲೆ ಮುಂದೆ ಇತ್ತು. ಆಮೇಲಿಂದ ಪ್ರತಿ ಹಟ್ಟಿಯಲ್ಲೂ ಒಬ್ಬ ಹೆಂಗಸನ್ನೇ ಸಂಪರ್ಕಕ್ಕೆ ಇಟ್ಟುಕೊಂಡೆವು. ಗಂಡಸರು ಸ್ವಲ್ಪ ಗೊಣಗಿದರು. ಗೊಣಗಲಿ ಬಿಡಿ, ಅವರು ಫೋನ್ ಎತ್ತೋದೇ ಇಲ್ಲ.

ದಾವಣಗೆರೆಯಲ್ಲಿ ಮಾಡಿದ ದೊಡ್ಡ ಸಭೆಯ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಐದಾರು ಜಿಲ್ಲೆಯವರನ್ನು ಸೇರಿಸಿ ರಾಜ್ಯಮಟ್ಟದ್ದು ಮಾಡೋಣ ಅಂತ ಕಲ್ಯಾಣ ಮಂಟಪ ಹಿಡಿದೆವು. ವೇದಿಕೆ ಮೇಲೆ ಇಪ್ಪತ್ತೊಂದು ಕುರ್ಚಿ. ಹಾರ ಹಾಕಿ ಮುಗಿಸಲೇ ಮುಕ್ಕಾಲು ಗಂಟೆ. ಒಬ್ಬ ಮುಖಂಡರಿಗೆ ಕುರಿ ಮರಿ ಕೊಟ್ಟು ಫೋಟೊ. ಆ ಮರಿ ಸಭೆ ಮುಗಿಯುವ ತನಕ ತಾಯಿಗಾಗಿ ಅರಚುತ್ತಲೇ ಇತ್ತು. ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟವರ ಹೆಸರು ಬ್ಯಾನರ್‌ನಲ್ಲಿ ದಪ್ಪಗೆ, ನಮ್ಮದು ಕೆಳಗೆ ಸಣ್ಣಗೆ. ಕುರಿಗಾಹಿಗಳಿಗೆ ಮೈಕ್ ಸಿಕ್ಕಿದ್ದು ಊಟದ ಹೊತ್ತಿಗೆ. ಆಗ ಎಲ್ಲರೂ ಎಲೆ ಮುಂದೆ ಇದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು, "ಬೋಂಡ ಚೆನ್ನಾಗಿತ್ತು." ಅದಾದ ಮೇಲೆ ಬೇರೆಯವರ ದುಡ್ಡಲ್ಲಿ ಸಭೆ ಮಾಡಲಿಲ್ಲ. ಮಂದೆಗೆ ವರ್ಷಕ್ಕೆ ನೂರು ರೂಪಾಯಿ ಎತ್ತಿದೆವು. ಅಷ್ಟರಲ್ಲಿ ಆದಷ್ಟೇ ಕೆಲಸ.

ಜಾತಿಯ ವಿಷಯದಲ್ಲಿ ಒಡೆದೇ ಹೋಗುತ್ತಿದ್ದೆವು. ನಮ್ಮಲ್ಲಿ ಕಾಡುಗೊಲ್ಲರಿದ್ದಾರೆ, ಕುರುಬರಿದ್ದಾರೆ, ದೇವರ ಎತ್ತು ಕಾಯುವ ಮ್ಯಾಸಬೇಡರ ಕಿಲಾರಿಗಳಿದ್ದಾರೆ. ಮ್ಯಾಸಬೇಡರು ಈಗಾಗಲೇ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಕಾಡುಗೊಲ್ಲರಿಗೂ ಕುರುಬರಿಗೂ ಅದು ಬೇಕು. ಬೇಡಿಕೆ ಪಟ್ಟಿಯಲ್ಲಿ ಎಸ್‌ಟಿ ಮೀಸಲಾತಿ ಮೊದಲನೆಯದಾಗಿ ಬರಲಿ ಅಂತ ಕೆಲವರು ಪಟ್ಟು ಹಿಡಿದರು. ಕಿಲಾರಿಗಳು ಎದ್ದು ನಿಂತರು. ಅದು ತಪ್ಪು ಬೇಡಿಕೆ ಅಂತ ನಾನು ಹೇಳಲ್ಲ. ಆದರೆ ಅದಕ್ಕೆ ಬೇರೆ ಸಂಘಗಳಿವೆ. ಮಳೆ ಇಲ್ಲದ ವರ್ಷ ಹುಲ್ಲು ಸಿಗದಿದ್ದರೆ ದೇವರ ಎತ್ತಿಗೂ ಇಲ್ಲ, ಕುರಿಗೂ ಇಲ್ಲ. ಹುಲ್ಲು, ನೀರು, ದಾರಿ, ಔಷಧಿ ಇಷ್ಟಕ್ಕೆ ಮಾತ್ರ ಈ ಸಂಘ ಅಂತ ಕೊನೆಗೆ ಒಪ್ಪಿಕೊಂಡೆವು. ಹನ್ನೆರಡು ಜನ ಬಿಟ್ಟು ಹೋದರು. ಅವರಲ್ಲಿ ನನ್ನ ಸ್ವಂತ ಮಾವ ಒಬ್ಬರು, ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಮುಖ ತಿರುಗಿಸ್ತಾರೆ.

ಹೊರ ರಾಜ್ಯದವರ ಜೊತೆ ಮಾತು ಶುರುವಾಗಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ಮೊದಲ ಆರು ತಿಂಗಳು ಬರೀ ಗುಡ್ ಮಾರ್ನಿಂಗ್ ಹೂವು. ಹಿಂದಿಯವರು ಹಿಂದಿಯಲ್ಲಿ, ಗುಜರಾತಿಯವರು ಗುಜರಾತಿಯಲ್ಲಿ, ನಾವು ಸುಮ್ನೆ. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಯಾರೂ ಟೈಪ್ ಮಾಡಬಾರದು, ತಮ್ಮ ಮಾತಲ್ಲಿ ಒಂದು ನಿಮಿಷದ ವಾಯ್ಸ್ ಹಾಕಬೇಕು. ಪ್ರತಿ ರಾಜ್ಯದಲ್ಲಿ ಒಬ್ಬ ಅದನ್ನು ತನ್ನವರಿಗೆ ತಿಳಿಸಬೇಕು. ನಮ್ಮ ಕಡೆ ಆ ಕೆಲಸ ನನ್ನದು. ನನ್ನ ಹಿಂದಿ ಸಿನಿಮಾ ಹಿಂದಿ. ಒಂದು ಸಲ ಹಿಮಾಚಲದವರು ಭೇಡ್ ಅಂದಿದ್ದು ನನಗೆ ಭೀಡ್ ಅಂತ ಕೇಳಿಸಿ, "ಅಲ್ಲಿ ಜನಜಂಗುಳಿ ಸತ್ತಿದೆಯಂತೆ" ಅಂತ ಹಟ್ಟಿಗೆಲ್ಲ ಹೇಳಿಬಿಟ್ಟಿದ್ದೆ. ಸತ್ತಿದ್ದು ಕುರಿ.

ಕೊನೆಗೆ ಮುಖಾಮುಖಿ ಸೇರಿದ್ದು ದೆಹಲಿಯಲ್ಲಿ. ಎರಡು ಟಗರು ಮಾರಿ ಟಿಕೆಟ್ ಮಾಡಿಸಿ ದಾವಣಗೆರೆಯಿಂದ ಸಂಪರ್ಕ ಕ್ರಾಂತಿ ಹತ್ತಿದೆವು. ನಾನು, ಚಿಕ್ಕಪ್ಪ, ಒಬ್ಬ ಕಿಲಾರಿ, ಸೋದರತ್ತೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಪುಣೆ ದಾಟುವಷ್ಟರಲ್ಲಿ ಅರ್ಧ ಬೋಗಿಗೆ ಹಂಚಿ ಖಾಲಿ ಮಾಡಿದ್ದಳು ಅತ್ತೆ.

ಚಳಿಗಾಲ. ಚಿಕ್ಕಪ್ಪನ ಹೆಗಲ ಮೇಲೆ ಕರೀ ಕಂಬಳಿ. ಊಟದ ಸಾಲಿನಲ್ಲಿ ಹಿಮಾಚಲದ ಒಬ್ಬ ಗದ್ದಿ ಕುರಿಗಾಹಿ ಬಂದು ಏನೂ ಹೇಳದೆ ಆ ಕಂಬಳಿಯ ಅಂಚು ಹಿಡಿದು ನೋಡಿದರು. ಹೆಬ್ಬೆರಳಲ್ಲಿ ಉಜ್ಜಿದರು. ಚಿಕ್ಕಪ್ಪ ಅವರ ಉಣ್ಣೆಯ ನಿಲುವಂಗಿ ಚೋಲಾ ಮುಟ್ಟಿ ನೋಡಿದ, ಸೊಂಟಕ್ಕೆ ಸುತ್ತಿದ್ದ ಉಣ್ಣೆ ಹಗ್ಗ ನೋಡಿದ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರಲ್ಲ. ನಾನು ನಡುವೆ ನಿಂತೆ. ಕಂಬಳಿಗೆ ಯಾಕೆ ಇಷ್ಟು ಬಿಗಿ ಅಂತ ಅವರ ಪ್ರಶ್ನೆ. ನೇಯುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತೇವೆ ಅಂತ ಹೇಳಿದೆ. ಚಿಕ್ಕಪ್ಪ ಕೇಳಿದ್ದು, "ನಿಮ್ಮ ಉಣ್ಣೆ ಯಾರಾದ್ರೂ ತಗಂತಾರಾ?" ಅವರು ಕೈ ಅಲ್ಲಾಡಿಸಿದರು. ನಮ್ಮಲ್ಲೂ ಅಷ್ಟೇ. ಮೊದಲು ಉಣ್ಣೆ ಕತ್ತರಿಸಿದರೆ ದುಡ್ಡು ಬರ್ತಿತ್ತು, ಈಗ ಕತ್ತರಿಸುವವನಿಗೆ ನಾವೇ ಕೊಡಬೇಕು. ಅವತ್ತಿನಿಂದ ಎರಡು ದಿನ ಅವರಿಬ್ಬರೂ ಪಕ್ಕದಲ್ಲೇ ಕೂತರು.

ಕಛ್‌ನ ಎಮ್ಮೆ, ದನ ಸಾಕುವ ಮಾಲಧಾರಿಗಳಿಂದ ಕಲಿತದ್ದು ಬಹಳ. ಅವರು ಬನ್ನಿ ಎಮ್ಮೆಯನ್ನು 2010ರಲ್ಲಿ ಪ್ರತ್ಯೇಕ ತಳಿ ಅಂತ ಅಧಿಕೃತವಾಗಿ ನೋಂದಣಿ ಮಾಡಿಸಿದವರು. ಎಮ್ಮೆಗೆ ಹೆಸರು ಸಿಕ್ಕ ಮೇಲೆ ಅದು ಮೇಯುವ ಹುಲ್ಲುಗಾವಲಿನ ಮಾತೂ ಸುಲಭವಾಯಿತು ಅಂದರು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಅಲೆಮಾರಿ ಪಶುಪಾಲಕರ ಮೇವಿನ ಹಕ್ಕು ಅಂತ ಸ್ಪಷ್ಟವಾಗಿ ಬರೆದಿದೆ, ಕಲಂ 3(1)(ಡಿ). ಒಬ್ಬ ವಕೀಲೆ ಅದನ್ನು ಓದಿ ಹೇಳಿದಾಗ ಅತ್ತೆ "ಇನ್ನೊಂದ್ಸಲ ಓದಮ್ಮ" ಅಂದಳು. ಆದರೆ ಪರಿಶಿಷ್ಟ ಪಂಗಡ ಅಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಅಂತ ತೋರಿಸಬೇಕು. ನಡೆದಾಡುವವನು ಎಲ್ಲಿಂದ ದಾಖಲೆ ತರಬೇಕು? ಮಹಾರಾಷ್ಟ್ರದ ಕುರಿಗಾಹಿಗಳಾದ ಧನಗರರು ಜೋರಾಗಿ ನಕ್ಕರು. ಅವರಲ್ಲೂ ಎಸ್‌ಟಿ ಜಗಳ ನಮ್ಮಷ್ಟೇ ಹಳೆಯದಂತೆ.

ಬೇಡಿಕೆ ಪಟ್ಟಿ ಮಾಡಲು ಕೂತರೆ 23 ಆದವು. ಉಣ್ಣೆಗೆ ಬೆಂಬಲ ಬೆಲೆಯಿಂದ ಹಿಡಿದು ಮಕ್ಕಳ ಹಾಸ್ಟೆಲ್ ತನಕ. ರಾಜಸ್ಥಾನದ ಪಶುಪಾಲಕ ರೈಕಾ ಸಮುದಾಯದ ಹಿರಿಯರೊಬ್ಬರು ಪಟ್ಟಿ ಕೇಳಿ, "ಇಷ್ಟು ಕೇಳಿದರೆ ಏನೂ ಕೇಳಿದ ಹಾಗಾಗಲ್ಲ" ಅಂದರು. ಆಮೇಲೆ ಒಂದೊಂದೇ ಹೊಡೆದುಹಾಕುವ ಕೆಲಸ. ರಾತ್ರಿ ಹನ್ನೊಂದಾಯಿತು. ಪ್ರತಿಯೊಂದಕ್ಕೂ ಅಧಿಕಾರಿಗಳ ಉತ್ತರ ಏನಿರುತ್ತೆ ಅಂತ ಊಹಿಸುತ್ತಾ ಹೋದೆವು. ಲಸಿಕೆ ಬೇಕು ಅಂದರೆ, ಎಷ್ಟು ಡೋಸ್? ವಿಮೆ ಅಂದರೆ, ಎಷ್ಟು ಕುರಿ? ದಾರಿ ಅಂದರೆ, ಎಷ್ಟು ಜನ ಓಡಾಡ್ತೀರಿ? ಎಲ್ಲಾ ಉತ್ತರವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

ಆಗ ನಾನು ಅವ್ವನ ಕಥೆ ಹೇಳಿದೆ. ಶೇಂಗಾ, ಖಾಲಿ ರೊಪ್ಪ, ಸೊನ್ನೆ. ನಗ್ತಾರೆ ಅಂದುಕೊಂಡಿದ್ದೆ. ನಕ್ಕಿದ್ದು ಮೊದಲು ಗದ್ದಿಯವರು, ಆಮೇಲೆ ಎಲ್ಲರೂ, ಯಾಕೆಂದರೆ ಪ್ರತಿಯೊಬ್ಬರ ಮನೆಯಲ್ಲೂ ಅದೇ ಆಗಿತ್ತು. ಗಣತಿಯವರು ಮನೆ ಬಾಗಿಲಿಗೆ ಬರ್ತಾರೆ, ನಾವು ಮನೆಯಲ್ಲಿ ಇರಲ್ಲ. ಪಟ್ಟಿಯಲ್ಲಿ ಮೊದಲನೆಯದಾಗಿ ಅದನ್ನೇ ಬರೆದೆವು: ಮುಂದಿನ ಗಣತಿಯಲ್ಲಿ ಪಶುಪಾಲಕರನ್ನು ಬೇರೆಯಾಗಿ, ಅವರು ಇರುವ ಜಾಗದಲ್ಲೇ ಎಣಿಸಬೇಕು. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ನಾಲ್ಕು.

ಮುಂದಿನದು ಬೇಸರದ ಕೆಲಸ. ಪತ್ರ. ಒಂದೇ ವಿಷಯ, ಒಂದೇ ವಾರ, ಬೇರೆ ಬೇರೆ ರಾಜ್ಯಗಳಿಂದ. ಅದರ ಜೊತೆಗೆ ಆಯಾ ಕಡೆಯ ದಾರಿಯ ವಿವರ. ನನ್ನ ಎರಡು ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬಂದವು. ಯಾವ ತಿಂಗಳು ಯಾವ ಹೋಬಳಿಯಲ್ಲಿ ಎಷ್ಟು ಮಂದೆ ಅಂತ ನಕ್ಷೆ ಮಾಡಿದೆ. ಅಲ್ಲೂ ಕುರಿ ಸಂಖ್ಯೆ ಇಲ್ಲ, ಮಂದೆ ಸಂಖ್ಯೆ ಮಾತ್ರ. ಜಿಲ್ಲೆಯ ಒಬ್ಬ ಅಧಿಕಾರಿ ಅದನ್ನು ನೋಡಿ, "ಇದನ್ನು ಯಾರು ಮಾಡಿಕೊಟ್ಟರು?" ಅಂದರು. "ನಮ್ಮ ಅವ್ವ" ಅಂದೆ. ತಮಾಷೆ ಅಂದುಕೊಂಡರು.

2024ರ ಅಕ್ಟೋಬರ್ 25ಕ್ಕೆ 21ನೇ ಜಾನುವಾರು ಗಣತಿ ಶುರುವಾಯಿತು. ಪಶುಪಾಲಕರ ಜಾನುವಾರುಗಳ ಮಾಹಿತಿಯನ್ನೂ ಮೊದಲ ಬಾರಿಗೆ ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ ಬಂತು. ನಮ್ಮ ಪತ್ರದಿಂದಲೇ ಆಯಿತು ಅಂತ ಎದೆ ತಟ್ಟಿಕೊಳ್ಳಲಾರೆ. ನಮಗಿಂತ ಎಷ್ಟೋ ಮುಂಚೆಯಿಂದ ಕೇಳುತ್ತಾ ಬಂದವರಿದ್ದಾರೆ, ವಿಶ್ವಸಂಸ್ಥೆಯೂ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ 2022ರಲ್ಲೇ ಸಾರಿತ್ತು. ಆದರೂ ಅವತ್ತು ಗ್ರೂಪಿನಲ್ಲಿ ವಾಯ್ಸ್ ಮೆಸೇಜುಗಳ ಸುರಿಮಳೆ. ಏನು ಹೇಳ್ತಿದ್ದಾರೆ ಅಂತ ಅರ್ಥವಾಗದಿದ್ದರೂ ಅತ್ತೆ ಎಲ್ಲಾ ಕೇಳಿದಳು.

ಎಣಿಸುವವರು ಮಂದೆ ಹುಡುಕಿಕೊಂಡು ಬರೋದು ಮಾತ್ರ ಅಷ್ಟು ಸುಲಭ ಆಗಲಿಲ್ಲ. ಎರಡು ಸಲ ದಾರಿ ತಪ್ಪಿತು, ಒಂದು ಸಲ ಅಪ್ಪನೇ ಜಾಗ ಬದಲಾಯಿಸಿಬಿಟ್ಟಿದ್ದ. ಮೂರನೇ ಸಲ ಅವ್ವ ಫೋನಿನಲ್ಲಿ ದಾರಿ ಹೇಳಿದಳು, "ಕಾಲುವೆ ದಾಟಿ, ಎರಡು ತೆಂಗಿನಮರ, ನಾಯಿ ಬೊಗಳಿದ ಕಡೆ." ನಾನೂ ಹೋಗಿದ್ದೆ. ಬಂದವಳು ಇಪ್ಪತ್ತೈದರ ಹುಡುಗಿ. ಗದ್ದೆ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದಳು. ಸಂಜೆಯಾಗಿತ್ತು. ಕುರಿ ಬಲೆಯೊಳಗೆ ಸೇರುವ ಹೊತ್ತು.

ಅಪ್ಪ ಎಂದೂ ಎಣಿಸಿದವನಲ್ಲ. ಬಲೆಯ ಬಾಯಿಯಲ್ಲಿ ನಿಂತು ಒಂದೊಂದನ್ನೂ ನೋಡುತ್ತಾನೆ. ಬೋಳಿ, ಬೋಳಿ ಮಗಳು, ಕಿವಿಹರಕಿ, ಕೆಂದಿ. ಎಲ್ಲಾ ಒಳಗಾದ ಮೇಲೆ "ಬಂದ್ವು" ಅಂತಾನೆ. ಒಂದು ಕಡಿಮೆಯಾದರೆ "ಕೆಂದಿ ಎಲ್ಲಿ?" ಅಂತ ತಿರುಗುತ್ತಾನೆ.

ಹುಡುಗಿ ಫೋನ್ ತೆಗೆದು, "ಅಜ್ಜಾ, ಕುರಿ ಎಷ್ಟು?" ಅಂದಳು.

ಅಪ್ಪ ನನ್ನ ಮುಖ ನೋಡಿದ. ಇದಕ್ಕೇ ಅಲ್ವಾ ನೀನು ದೆಹಲಿಗೆ ಹೋಗಿದ್ದು ಅನ್ನೋ ಹಾಗೆ. ಆಮೇಲೆ ಬಲೆಯ ಬಾಯಿ ಬಿಟ್ಟು ಪಕ್ಕಕ್ಕೆ ಸರಿದ. "ನೀನೇ ಎಣಿಸ್ಕಳವ್ವ. ನಾನು ಆ ಕಡಿಗೆ ತಿರುಗ್ತೀನಿ."

ಕಾಲುವೆ ಕಡೆ ಮುಖ ಮಾಡಿ, ಕಂಬಳಿ ತಲೆ ಮೇಲೆ ಎಳೆದುಕೊಂಡು ನಿಂತ. ಹುಡುಗಿ ಬೆರಳು ಮಾಡಿ ಎಣಿಸತೊಡಗಿದಳು. ಎರಡು ಸಲ ತಪ್ಪಿ, ಮೂರನೇ ಸಲ ಮುಗಿಸಿದಳು. "ನೂರಾ..." ಅಂತ ಬಾಯಿ ತೆರೆದಳು.

"ನನಗೆ ಹೇಳ್ಬೇಡ, ಬರ್ಕ" ಅಂದ ಅಪ್ಪ, ತಿರುಗದೆಯೇ.

ಅವಳು ಬರೆದುಕೊಂಡು ಹೋದ ಮೇಲೆ ಚಿಕ್ಕಪ್ಪ ಬೇವಿನ ಸೊಪ್ಪು ಮುರಿದು ತಂದ. ಅದನ್ನು ನೀರಲ್ಲಿ ಅದ್ದಿ ಮಂದೆ ಮೇಲೆಲ್ಲ ಚಿಮುಕಿಸಿದರು. ನಾನು ಅವ್ವನಿಗೆ ಫೋನ್ ಹಚ್ಚಿದೆ.